ನಿಮಗಿದು ಗೊತ್ತೇ? ಬಿಚ್ಚಿದ ಇಂಕ್ ಕಾರ್ಟ್ರಿಡ್ಜ್‌ಗೆ ಗಾಳಿಯೇ ಹಗೆ!

ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಇಂಕು ಹೊರಗೆ ಬರುವ ತೂತು ಎಷ್ಟು ದೊಡ್ಡದಿರಬಹುದು, ಊಹಿಸಿ ನೋಡೋಣ. ಗುಂಡುಸೂಜಿ ತೂರುವಷ್ಟು? ಅಷ್ಟಿದ್ದರೆ ಹಾಳೆಯ ತುಂಬ ಬರೀ ಮಸಿಯೇ! ಅದರ ಅಗಲ ಸುಮಾರು 20 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನಲ್ಲಿ ಐವತ್ತರಲ್ಲೊಂದು ಪಾಲು. ನಿಮ್ಮ ತಲೆಗೂದಲು ಅದರ ಮೂರು ಪಟ್ಟಿಗಿಂತ ದಪ್ಪ. ಕೂದಲೂ ತೂರದ ಬಾಯಿಯಿಂದ ಮಕ್ಕಳ ಸ್ಕೂಲ್ ಪ್ರಾಜೆಕ್ಟು, ರೈಲು ಟಿಕೆಟ್ಟು, ಬಾಡಿಗೆ ಕರಾರು ಎಲ್ಲವೂ ಹೊರಬರುತ್ತವೆ!

ಈ ತೂತಿಗೆ ನಾಜಲ್ ಅಂತ ಹೆಸರು. ಅನೇಕ ಕಾರ್ಟ್ರಿಡ್ಜ್‌ಗಳನ್ನು ತಿರುಗಿಸಿದರೆ ತಳದಲ್ಲಿ ಮಿನುಗುವ ಸಣ್ಣ ಪಟ್ಟಿ ಕಾಣುತ್ತದಲ್ಲ? ಬೆರಳಿನಷ್ಟೂ ಅಗಲವಿಲ್ಲದ ಆ ಪಟ್ಟಿಯಲ್ಲಿ ನೂರಾರು ನಾಜಲ್‌ಗಳು ಸಾಲಾಗಿ ಕೂತಿರುತ್ತವೆ. ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ!

ಅಲ್ಲಿಂದ ಹಾರುವ ಹನಿಯ ಅಳತೆ ಕೇಳಿದರೆ ತಲೆ ತಿರುಗುತ್ತದೆ. ಕೆಲವೇ ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಪಿಕೋಲೀಟರ್! ಸಣ್ಣ ಕಾರ್ಟ್ರಿಡ್ಜ್‌ಗಳಲ್ಲಿ ಇರುವುದು 5 ಮಿಲಿಲೀಟರ್ ಆಸುಪಾಸು ಇಂಕು, ಒಂದು ಟೀ ಚಮಚ. ಹನಿಗೆ 5 ಪಿಕೋಲೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಆ ಒಂದು ಚಮಚದಲ್ಲಿ 100 ಕೋಟಿ ಹನಿ!

ಇಷ್ಟು ಸಣ್ಣ ಬಾಯಿ ತೆರೆದಿದ್ದರೆ ಒಣಗಲು ಎಷ್ಟು ಹೊತ್ತು ಬೇಕು? ಒಂದು ವಾರ? ಒಂದು ದಿನ? ಕೆಲವು ಇಂಕುಗಳಿಗೆ ಕೆಲವೇ ಸೆಕೆಂಡು ಸಾಕು! ಪೂರ್ತಿ ಗಟ್ಟಿಯಾಗುವುದಿಲ್ಲ ಬಿಡಿ. ಆದರೆ ಬಾಯಿಯ ಹತ್ತಿರದ ಇಂಕಿನಿಂದ ನೀರು ಆರತೊಡಗುತ್ತದೆ, ಬಿಸಿ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಅಲ್ಲಿ ಇಂಕು ಮಂದವಾಗುತ್ತದೆ. ಮುಂದಿನ ಹನಿ ಓರೆಯಾಗಿ ಹಾರುತ್ತದೆ, ಇಲ್ಲವೇ ಹಾರುವುದೇ ಇಲ್ಲ. ಹಾಳೆಯ ಮೇಲೆ ಬಿಳಿ ಗೆರೆ ಬಂದಿತೇ? ಅದು ಇದರದ್ದೇ ಕೆಲಸ!

ಹಾಗಾದರೆ ಇಂಕು ಇಷ್ಟಾದರೂ ತಾಳುವುದು ಹೇಗೆ? ಚಳಿಗಾಲದಲ್ಲಿ ಒಡೆದ ತುಟಿಗೆ ಗ್ಲಿಸರಿನ್ ಹಚ್ಚುತ್ತೀರಲ್ಲ, ಅನೇಕ ಇಂಕುಗಳಲ್ಲಿ ಇರುವುದೂ ಅದೇ ಗ್ಲಿಸರಿನ್! ನೀರನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಜೊತೆಗೆ ಬೂಷ್ಟು ಹಿಡಿಯದಿರಲು ಒಂದಿಷ್ಟು ಔಷಧವನ್ನೂ ಬೆರೆಸಿರುತ್ತಾರೆ. ಇಂಕಿಗೂ ಬೂಷ್ಟು ಬರುತ್ತದೆ, ಗೊತ್ತಿತ್ತೇ?

ಪ್ರಿಂಟರ್ ಒಳಗೊಂದು ಪೀಕದಾನಿ ಇರುತ್ತದೆ ಎಂದರೆ ನಂಬುತ್ತೀರಾ? ನಿಜ! ಪ್ರಿಂಟ್ ಮಾಡುತ್ತಿರುವಾಗಲೇ ಹೆಡ್ಡು, ಅಂದರೆ ನಾಜಲ್‌ಗಳನ್ನು ಹೊತ್ತ ಭಾಗ, ಆಗಾಗ ಒಂದು ಮೂಲೆಗೆ ಹೋಗಿ ಒಂದಿಷ್ಟು ಇಂಕು ಉಗಿದು ಬರುತ್ತದೆ. ಆ ಪುಟದಲ್ಲಿ ಕೆಲಸವಿಲ್ಲದೆ ಸುಮ್ಮನೆ ಕೂತಿರುವ ನಾಜಲ್‌ಗಳ ಬಾಯಿ ಒಣಗಬಾರದಲ್ಲ, ಅದಕ್ಕೆ. ನೀವು ಬರೀ ಕಪ್ಪು ಅಕ್ಷರ ಪ್ರಿಂಟ್ ಹಾಕಿದರೂ ಬಣ್ಣದ ಇಂಕು ಸ್ವಲ್ಪ ಸ್ವಲ್ಪ ಇಳಿಯುವುದಕ್ಕೆ ಇದೂ ಒಂದು ಕಾರಣ!

ಇನ್ನೂ ಮಜಾ ಇದೆ. ಕೆಲವು ಹೆಡ್‌ಗಳು ಇಂಕನ್ನು ಹೊರಗೆ ಬಿಡದೆ, ಬಾಯಿಯ ಹತ್ತಿರ ಅದನ್ನು ಸುಮ್ಮನೆ ಅಲುಗಾಡಿಸುತ್ತಿರುತ್ತವೆ. ಕೆನೆ ಕಟ್ಟಲು ಬಿಡದ ಉಪಾಯ. ಒಂದು ಹನಿಯೂ ಖರ್ಚಿಲ್ಲ!

ಕೆಲಸ ಮುಗಿದ ಮೇಲೆ ಹೆಡ್ಡು ಬಲತುದಿಗೋ ಎಡತುದಿಗೋ ಸರಿದು ನಿಲ್ಲುತ್ತದೆ. ಟಕ್ ಅಂತ ಸದ್ದೂ ಕೇಳಿಸುತ್ತದೆ. ಅಲ್ಲಿ ಅದಕ್ಕೊಂದು ರಬ್ಬರ್ ಮುಚ್ಚಳ ಕಾದಿರುತ್ತದೆ. ಕೆಳಗಿನಿಂದ ಎದ್ದು ಬಂದು ನಾಜಲ್‌ಗಳ ಬಾಯಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಒಳಗೆ ತೇವ ಅಲ್ಲೇ ಉಳಿಯುತ್ತದೆ, ಹೊರಗಿನ ಗಾಳಿ ಸುಳಿಯುವುದಿಲ್ಲ. ಬಿಚ್ಚಿದ ಕಾರ್ಟ್ರಿಡ್ಜ್ ಇಡಲು ನಿಮ್ಮ ಮನೆಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಡಬ್ಬಿ ಯಾವುದು ಎಂದು ಈಗ ಹೊಳೆಯಿತೇ? ಪ್ರಿಂಟರೇ!

ಆದರೆ ಒಂದು ಷರತ್ತು ಇದೆ. ಪ್ರಿಂಟರ್ ಆರಿಸುವಾಗ ಗೋಡೆಯ ಸ್ವಿಚ್ ಒತ್ತಬೇಡಿ! ಪ್ರಿಂಟರ್ ಮೇಲಿರುವ ಪವರ್ ಬಟನ್ ಒತ್ತಿ. ಆಗ ಅದು ಹೆಡ್ಡನ್ನು ಮುಚ್ಚಳದ ಮೇಲೆ ಕೂರಿಸಿ ಆಮೇಲೆ ಮಲಗುತ್ತದೆ. ಗೋಡೆಯ ಸ್ವಿಚ್ ಒತ್ತಿದರೆ ಹೆಡ್ಡು ಇದ್ದಲ್ಲೇ ನಿಂತು, ಬಾಯಿ ತೆರೆದುಕೊಂಡೇ ರಾತ್ರಿ ಕಳೆಯಬಹುದು. ಎಲ್ಲ ಸ್ವಿಚ್ ಆರಿಸಿ ಮಲಗುವ ನಮ್ಮ ಮನೆಗಳ ಒಳ್ಳೆಯ ಅಭ್ಯಾಸ ಇಲ್ಲಿ ಮಾತ್ರ ಕೈಕೊಡುತ್ತದೆ. ಮೊದಲು ಬಟನ್, ಆಮೇಲೆ ಬೇಕಾದರೆ ಗೋಡೆ ಸ್ವಿಚ್!

ಪ್ರಿಂಟ್ ಆಗುತ್ತಿರುವಾಗಲೇ ಕರೆಂಟು ಹೋಯಿತೇ? ಅದೂ ಅದೇ ಕಥೆ. ಕರೆಂಟು ಬಂದ ಮೇಲೆ ಒಮ್ಮೆ ಆನ್ ಮಾಡಿ, ಬಟನ್‌ನಿಂದಲೇ ಆಫ್ ಮಾಡಿ. ಹೆಡ್ಡು ತಾನಾಗಿ ಮನೆಗೆ ಹೋಗುತ್ತದೆ.

ಎಲ್ಲ ಕಾರ್ಟ್ರಿಡ್ಜ್‌ಗಳೂ ಒಂದೇ ಅಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ! ಎಚ್‌ಪಿ ಮತ್ತು ಕ್ಯಾನನ್ ಕಂಪನಿಗಳ ಅಗ್ಗದ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಹೆಡ್ಡು ಕಾರ್ಟ್ರಿಡ್ಜ್‌ನಲ್ಲೇ ಇರುತ್ತದೆ. ಕಾರ್ಟ್ರಿಡ್ಜ್ ಬದಲಾಯಿಸಿದರೆ ಹೆಡ್ಡೂ ಹೊಸದು. ಎಪ್ಸನ್, ಬ್ರದರ್ ಪ್ರಿಂಟರ್‌ಗಳಲ್ಲಿ ಹೆಡ್ಡು ಪ್ರಿಂಟರ್‌ನಲ್ಲೇ ಉಳಿಯುತ್ತದೆ, ಕಾರ್ಟ್ರಿಡ್ಜ್ ಬರೀ ಇಂಕಿನ ಪೆಟ್ಟಿಗೆ. ಮೊದಲನೆಯ ಜಾತಿಯದ್ದನ್ನು ಹೊರಗೆ ತೆಗೆದಿಟ್ಟರೆ ಕಾರ್ಟ್ರಿಡ್ಜ್ ಒಣಗುತ್ತದೆ. ಎರಡನೆಯ ಜಾತಿಯದ್ದನ್ನು ತೆಗೆದು ಜಾಗ ಖಾಲಿ ಬಿಟ್ಟರೆ? ಒಣಗುವುದು ಪ್ರಿಂಟರಿನ ಹೆಡ್ಡು! ನಷ್ಟ ಯಾವುದರಲ್ಲಿ ಹೆಚ್ಚು ಎಂದು ನಾನು ಹೇಳಬೇಕಿಲ್ಲ.

ಎಪ್ಸನ್ ಕಾರ್ಟ್ರಿಡ್ಜ್‌ನ ಇಂಕು ಹೊರಡುವ ಬಾಯಲ್ಲಿ ಒಂದು ವಾಲ್ವ್ ಇರುತ್ತದೆ. ಹೊರಗೆ ತೆಗೆದ ಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಳ, ಬಿರಡೆ ಯಾವುದೂ ಬೇಡ! ಲೇಬಲ್ ಮೇಲೆ ಬರುವಂತೆ ಇಡಿ, ತಲೆಕೆಳಗು ಮಾಡಬೇಡಿ, ಅಷ್ಟೇ ಸಾಕು.

ಹೆಡ್ಡು ಅಂಟಿಕೊಂಡಿರುವ ಕಾರ್ಟ್ರಿಡ್ಜ್‌ಗೆ ಮಾತ್ರ ರಾಜೋಪಚಾರ ಬೇಕು. ಹಿಂದೆ ಎಚ್‌ಪಿ ಕೆಲವು ಫೋಟೊ ಕಾರ್ಟ್ರಿಡ್ಜ್‌ಗಳ ಜೊತೆ ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಗೂಡನ್ನು ಕೊಡುತ್ತಿತ್ತು. ಫೋಟೊ ಹಾಕುವಾಗ ಕಪ್ಪು ಕಾರ್ಟ್ರಿಡ್ಜ್ ತೆಗೆದು ಆ ಗೂಡಿನಲ್ಲಿ ಕೂರಿಸಬೇಕಿತ್ತು. ಗೂಡು ಇಲ್ಲದವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಬಿಗಿ ಮುಚ್ಚಳದ ಟಿಫಿನ್ ಡಬ್ಬಿ ಇದೆಯೇ? ಅದೇ ಆಯಿತು! ಕಾರ್ಟ್ರಿಡ್ಜ್‌ಗಿಂತ ಬಹಳ ದೊಡ್ಡ ಡಬ್ಬಿ ಬೇಡ, ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾಜಲ್ ಪಟ್ಟಿ ಮಾತ್ರ ಡಬ್ಬಿಗೂ ಬಟ್ಟೆಗೂ ಯಾವುದಕ್ಕೂ ತಾಗದಂತೆ ಇಡಿ. ತಾಗಿದರೆ ಇಂಕನ್ನು ಅದು ಹೀರಿ ಹೊರಗೆಳೆಯುತ್ತದೆ!

ಕಾರ್ಟ್ರಿಡ್ಜ್ ಮೇಲಿರುವ ತಾಮ್ರದ ಬಣ್ಣದ ಚುಕ್ಕೆಗಳನ್ನು ಮುಟ್ಟಬೇಡಿ. ಪ್ರಿಂಟರ್ ಕಾರ್ಟ್ರಿಡ್ಜ್ ಜೊತೆ ಮಾತಾಡುವುದು ಅವುಗಳ ಮೂಲಕ. ಬೆರಳಿನ ಜಿಡ್ಡು ತಾಗಿದರೆ ನಾಳೆ ಅದು ತನ್ನದೇ ಕಾರ್ಟ್ರಿಡ್ಜ್‌ನ ಗುರುತು ಹಿಡಿಯದೆ ತಗಾದೆ ತೆಗೆಯಬಹುದು!

ಡಬ್ಬಿಯೊಳಗೆ ಒದ್ದೆ ಹತ್ತಿ ಇಡುವ ಉಪಾಯವನ್ನು ರೀಫಿಲ್ ಮಾಡುವವರು ಹೇಳುತ್ತಾರೆ. ಕೆಲಸ ಮಾಡುತ್ತದೆ! ಡಬ್ಬಿಯ ಗಾಳಿಯೇ ತೇವವಾಗಿದ್ದರೆ ಇಂಕಿನ ನೀರು ಆರುವುದು ನಿಧಾನ. ಆದರೆ ಹತ್ತಿ ಮೂಲೆಯಲ್ಲಿರಲಿ, ಕಾರ್ಟ್ರಿಡ್ಜ್‌ಗೆ ತಾಗದಿರಲಿ. ತಿಂಗಳುಗಟ್ಟಲೆ ಮರೆತು ಬಿಡಲೂಬೇಡಿ. ಇಂಕಿನಲ್ಲಿ ಬೂಷ್ಟಿನ ಔಷಧ ಇದೆ, ಹತ್ತಿಯಲ್ಲಿ ಇಲ್ಲ!

ಹೊಸ ಕಾರ್ಟ್ರಿಡ್ಜ್‌ನಿಂದ ಕಿತ್ತ ಟೇಪನ್ನೇ ಮತ್ತೆ ಅಂಟಿಸಿ ಇಡೋಣ ಅನಿಸುತ್ತದೆ ಅಲ್ಲವೇ? ಬೇಡವೇ ಬೇಡ! ಮೂರು ಬಣ್ಣದ ಕಾರ್ಟ್ರಿಡ್ಜ್‌ನಲ್ಲಿ ನೀಲಿ, ಗುಲಾಬಿ, ಹಳದಿ ನಾಜಲ್‌ಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಟೇಪಿನ ಸಂದಿಯಲ್ಲಿ ಇಂಕು ತಾನಾಗಿ ಹರಡಿ ಒಂದಕ್ಕೊಂದು ಬೆರೆಯುತ್ತದೆ. ಬಾಳೆಹಣ್ಣಿನ ಚಿತ್ರ ಹಾಕಿದರೆ ಹಸಿರು ಬಾಳೆಕಾಯಿ ಬಂದೀತು! ಟೇಪಿನ ಅಂಟು ನಾಜಲ್‌ನಲ್ಲಿ ಕೂತರೆ ಇನ್ನೂ ಕಷ್ಟ.

ಕಾರ್ಟ್ರಿಡ್ಜ್ ಮೇಲಿನ ಲೇಬಲ್ ಬರೀ ಹೆಸರು ತೋರಿಸಲು ಅಂದುಕೊಂಡಿರಾ? ಅನೇಕ ಕಾರ್ಟ್ರಿಡ್ಜ್‌ಗಳಲ್ಲಿ ಅದರ ಕೆಳಗೆ ಹಾವಿನಂತೆ ಸುತ್ತಿ ಸುಳಿದು ಹೋಗುವ ಸಣ್ಣ ಕಾಲುವೆ ಅಡಗಿರುತ್ತದೆ! ಇಂಕು ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಇಂಕು ಇಳಿಯುವುದೇ ಇಲ್ಲ. ಹಾಗಂತ ನೇರ ತೂತು ಇಟ್ಟರೆ ಇಂಕು ಒಣಗುತ್ತದೆ. ಅದಕ್ಕೇ ಈ ಸುತ್ತುಬಳಸು ದಾರಿ. ಗಾಳಿ ಒಳಗೆ ಬರಬಹುದು, ತೇವ ಹೊರಗೆ ಹೋಗಲು ಒದ್ದಾಡಬೇಕು. ಯಾರ ತಲೆಗೆ ಹೊಳೆಯಿತೋ, ಅವರಿಗೊಂದು ನಮಸ್ಕಾರ! ಲೇಬಲ್ ಕಿತ್ತಿರೋ, ಆ ಕಾಲುವೆಯ ಮೇಲ್ಛಾವಣಿಯನ್ನೇ ಕಿತ್ತ ಹಾಗೆ.

ಫ್ರಿಡ್ಜ್‌ನಲ್ಲಿ ಇಟ್ಟರೆ? ಫ್ರಿಡ್ಜ್‌ನಲ್ಲಿ ಮೊಸರು ಇರಲಿ ಬಿಡಿ. ತಂಪಿನಿಂದ ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಬೆವರುತ್ತದೆ, ಆ ನೀರು ತಾಮ್ರದ ಬಣ್ಣದ ಚುಕ್ಕೆಗಳಿಗೆ ಒಳ್ಳೆಯದಲ್ಲ. ಫ್ರೀಜರ್ ಅಂತೂ ಬೇಡವೇ ಬೇಡ. ಗ್ಲಿಸರಿನ್‌ನಂಥವು ಇರುವುದರಿಂದ ಇಂಕು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟದು, ಇನ್ನೂ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯಬೇಕು. ಆದರೆ ನಮ್ಮ ಮನೆಯ ಫ್ರೀಜರ್ ಇರುವುದೇ ಮೈನಸ್ 18ರಲ್ಲಿ! ಹೆಪ್ಪುಗಟ್ಟಿದ ಇಂಕು ಹಿಗ್ಗಿ ಒಳಗಿನದನ್ನೆಲ್ಲ ಒಡೆಯಬಹುದು. ಬಿಸಿಲು ಬೀಳದ ಕಪಾಟು ಸಾಕು.

ಊರು ಬದಲಾದರೆ ಲೆಕ್ಕವೂ ಬದಲು! ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟಿದ ಒಣ ಗಾಳಿಗೆ ಇಂಕು ಬೇಗ ಆರುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಇಂಕು ಆರುವ ಭಯ ಕಡಿಮೆ, ಅಲ್ಲಿ ಹಾಳೆಯೇ ಮೆತ್ತಗಾಗಿ ಪ್ರಿಂಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಎಸಿ ಹಾಕಿದ ಆಫೀಸು? ಎಸಿ ಗಾಳಿಯಿಂದ ತೇವ ಹೀರುವುದರಿಂದ ಅದು ರಾಯಚೂರಿನ ಕಡೆಗೇ!

ಬಿಚ್ಚಿದ ಮೇಲೆ ಎಷ್ಟು ದಿನ? ಎಪ್ಸನ್, ಕ್ಯಾನನ್ ಎರಡೂ ಆರು ತಿಂಗಳೊಳಗೆ ಮುಗಿಸಿ ಎನ್ನುತ್ತವೆ. ವಾರಕ್ಕೊಂದು ಬಣ್ಣದ ಪುಟ ಪ್ರಿಂಟ್ ಹಾಕಿದರೆ ಯಾವ ಡಬ್ಬಿಯೂ ಬೇಡ. ಮನೆಯ ಮಗುವಿಗೆ ಒಂದು ಚಿತ್ರ ಹಾಕಿಕೊಡಿ, ಇಬ್ಬರಿಗೂ ಖುಷಿ!

ಒಣಗಿಯೇ ಹೋಯಿತೇ? ಬಣ್ಣದ್ದಾದರೆ ಆಸೆ ಬಿಡಬೇಡಿ! ಬಣ್ಣದ ಕಾರ್ಟ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಇರುವುದು ಡೈ ಇಂಕು. ಅದು ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ, ಒಣಗಿದರೂ ನೀರು ಕಂಡರೆ ಮತ್ತೆ ಕರಗುತ್ತದೆ. ಅಕ್ಷರ ಹಾಕುವ ಕಪ್ಪು ಇಂಕು ಅನೇಕ ಪ್ರಿಂಟರ್‌ಗಳಲ್ಲಿ ಪಿಗ್ಮೆಂಟ್. ಕರಗದ ಅತಿ ಸಣ್ಣ ಕಣಗಳು ಅದರಲ್ಲಿ ತೇಲುತ್ತಿರುತ್ತವೆ. ಹಾಳೆ ಒದ್ದೆಯಾದರೂ ಕಪ್ಪು ಅಕ್ಷರ ಅಳಿಸದಿರುವುದು ಈ ಗುಣದಿಂದಲೇ. ಅದೇ ಗುಣ ನಾಜಲ್‌ನಲ್ಲಿ ಶಾಪ! ಒಮ್ಮೆ ಗಟ್ಟಿಯಾಗಿ ಕೂತರೆ ಏಳುವುದು ಕಷ್ಟ.

ಹೆಡ್ಡು ಅಂಟಿಕೊಂಡಿರುವ ಕಾರ್ಟ್ರಿಡ್ಜ್‌ಗೆ ಉಪಚಾರ ಸುಲಭ. ನೂಲು ಬಿಡದ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ನಾಜಲ್ ಪಟ್ಟಿಯನ್ನು ಅದರ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಆಮೇಲೆ ಒಣ ಟಿಶ್ಯೂ ಮೇಲೆ ಒತ್ತಿ ನೋಡಿ. ಮೂರು ಬಣ್ಣದ ಪಟ್ಟೆ ಬಿತ್ತೇ? ಗೆದ್ದಿರಿ! ನೀರು ಮಾತ್ರ ಬೋರ್‌ವೆಲ್‌ದು ಬೇಡ. ಅದರ ಸುಣ್ಣದಂಶ ಆರಿದ ಮೇಲೆ ಅದೇ ನಾಜಲ್‌ಗೆ ಅಡ್ಡ ಕೂರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಲು ತಂದ ಡಿಸ್ಟಿಲ್ಡ್ ವಾಟರ್ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬ್ಯಾಟರಿಯ ನೀರೇ ಪ್ರಿಂಟರಿಗೂ ಮದ್ದು!

ಗುಂಡುಸೂಜಿಯಿಂದ ಚುಚ್ಚುವವರೂ ಇದ್ದಾರೆ. 20 ಮೈಕ್ರಾನ್ ತೂತಿಗೆ ಅರ್ಧ ಮಿಲಿಮೀಟರ್ ದಪ್ಪದ ಗುಂಡುಸೂಜಿ! ಅಯ್ಯೋ ದೇವರೇ.

ಪ್ರಿಂಟರ್‌ನ ಹೆಡ್ ಕ್ಲೀನಿಂಗ್ ಬಟನ್ ಒತ್ತಿದಾಗ ಹೊರಬಂದ ಇಂಕು ಎಲ್ಲಿ ಹೋಗುತ್ತದೆ ಗೊತ್ತೇ? ಎಲ್ಲೂ ಹೋಗುವುದಿಲ್ಲ! ಪ್ರಿಂಟರಿನ ಹೊಟ್ಟೆಯಲ್ಲೇ ಇರುವ ದಪ್ಪ ಪ್ಯಾಡ್ ಒಂದು ಅದನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ. ಎಷ್ಟು ತುಂಬಿತು ಎಂದು ಅನೇಕ ಪ್ರಿಂಟರ್‌ಗಳು ಲೆಕ್ಕವನ್ನೂ ಇಡುತ್ತವೆ. ತುಂಬಿತು ಅನಿಸಿದ ದಿನ ಕೆಲಸ ಬಂದ್! ಅದಕ್ಕೇ ಮೇಲಿಂದ ಮೇಲೆ ಕ್ಲೀನಿಂಗ್ ಒತ್ತಬೇಡಿ. ಒಮ್ಮೆ ಒತ್ತಿ, ನಾಜಲ್ ಚೆಕ್ ಪುಟ ತೆಗೆದು ನೋಡಿ.

ಎಚ್‌ಪಿ, ಕ್ಯಾನನ್ ಕಾರ್ಟ್ರಿಡ್ಜ್ ಒಳಗೆ ಇಂಕು ಕುದಿಯುತ್ತದೆ! ಒಂದೊಂದು ನಾಜಲ್ ಹಿಂದೆಯೂ ಪುಟಾಣಿ ಹೀಟರ್. ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಹೊತ್ತಿಗೆ ಅದು ಸುಮಾರು 300 ಡಿಗ್ರಿ ಮುಟ್ಟುತ್ತದೆ. ಒಂದು ಗುಳ್ಳೆ ಉಬ್ಬುತ್ತದೆ, ಹನಿ ಹೊರಗೆ ಚಿಮ್ಮುತ್ತದೆ. ಆ ಹೀಟರನ್ನು ತಂಪಾಗಿಡುವುದೂ ಇಂಕೇ. ಆದ್ದರಿಂದ ಒಣಗಿದ ಕಾರ್ಟ್ರಿಡ್ಜ್‌ನಲ್ಲಿ ಪುಟದ ಮೇಲೆ ಪುಟ ಹಾಕುತ್ತಾ ಹೋದರೆ ಹೀಟರೇ ಸುಟ್ಟುಹೋಗಬಹುದು!

ಈ ಗುಳ್ಳೆಯ ಉಪಾಯ ಸಿಕ್ಕಿದ್ದು ಆಕಸ್ಮಿಕವಾಗಿ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆ ಕಡ್ಡಿಯೊಂದು ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಗುಲಿತು. ಸೂಜಿಯಿಂದ ಇಂಕು ಪಿಚಕ್ಕನೆ ಹಾರಿತು! ಅದನ್ನು ಕಂಡವರು ಸುಮ್ಮನೆ ಒರೆಸಿ ಬಿಟ್ಟಿದ್ದರೆ?

ಅದಕ್ಕೂ ಮೊದಲೇ ಇಂಕ್‌ಜೆಟ್ ಇತ್ತು, ಅದೂ ಆಸ್ಪತ್ರೆಯಲ್ಲಿ! ಹೃದಯ ಬಡಿತದ ಗೆರೆಯನ್ನು ಕಾಗದದ ಮೇಲೆ ಇಂಕು ಚಿಮ್ಮಿಸಿ ಬರೆಯುವ ಯಂತ್ರಕ್ಕೆ 1951ರಲ್ಲಿ ಪೇಟೆಂಟ್ ಪಡೆದವರು ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್. ಅವರೇ ಮುಂದೆ ಇನ್ನೇನು ಮಾಡಿದರು ಗೊತ್ತೇ? 1958ರಲ್ಲಿ ಮನುಷ್ಯನ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ತಯಾರಿಸಿದರು! ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ ಬದುಕಿದ್ದು 2001ರ ತನಕ. ಆ ಮೊದಲ ಯಂತ್ರ ಕೆಲವು ಗಂಟೆಗಳಲ್ಲೇ ನಿಂತಿತು, ನಿಜ. ಮತ್ತೆ ಮತ್ತೆ ಹೊಸದು ಹಾಕಿಸಿಕೊಂಡು, ಪೇಸ್‌ಮೇಕರ್ ತಯಾರಿಸಿದವರಿಗಿಂತಲೂ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗಿಂತಲೂ ಹೆಚ್ಚು ಕಾಲ ಆತ ಬಾಳಿದ!

ತಳದಲ್ಲಿ ನೂರಾರು ತೂತು ಇದ್ದರೂ ಕಾರ್ಟ್ರಿಡ್ಜ್ ಸೋರುವುದಿಲ್ಲ ಏಕೆ? ಅನೇಕ ಕಾರ್ಟ್ರಿಡ್ಜ್‌ಗಳ ಒಳಗೆ ಸ್ಪಂಜು ಇರುತ್ತದೆ. ಅದು ಇಂಕನ್ನು ಸದಾ ತನ್ನ ಕಡೆಗೆ ಮೆಲ್ಲಗೆ ಎಳೆದುಕೊಳ್ಳುತ್ತಿರುತ್ತದೆ. ನೆಲದ ಮೇಲಷ್ಟೇ ಅಲ್ಲ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಇಂಕ್‌ಜೆಟ್ ಪ್ರಿಂಟರೇ ಹೋಗಿದೆ. 2018ರ ಏಪ್ರಿಲ್‌ನಲ್ಲಿ ಎಚ್‌ಪಿ ಪ್ರಿಂಟರೊಂದನ್ನು ಅಲ್ಲಿಗೆಂದೇ ಮಾರ್ಪಡಿಸಿ ಕಳಿಸಿದರು. ಮೇಲೆ ಕೆಳಗೆ ಅನ್ನುವುದೇ ಇಲ್ಲದ ಜಾಗದಲ್ಲೂ ಇಂಕು ಹಾಳೆಗೇ ಹೋಗಿ ಬೀಳುತ್ತದೆ!

ಆದರೆ ವಿಮಾನದಲ್ಲಿ ಸೋರಬಹುದು. ಆಕಾಶದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ. ನಮ್ಮ ಮುಳ್ಳಯ್ಯನಗಿರಿಯ ತುದಿ 1,900 ಮೀಟರ್ ದಾಟುತ್ತದೆ, ಹೆಚ್ಚುಕಡಿಮೆ ಅಲ್ಲಿಯ ಗಾಳಿ ಅಂದುಕೊಳ್ಳಿ. ಕಾರ್ಟ್ರಿಡ್ಜ್ ಒಳಗಿನ ಗಾಳಿ ಆಗ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಗಾಳಿ ಹೆಚ್ಚಿರುವುದು ಅರ್ಧ ಖಾಲಿಯಾದದ್ದರಲ್ಲಿ. ಮಗನ ಮನೆಗೆಂದು ದುಬೈಗೋ ನ್ಯೂಜೆರ್ಸಿಗೋ ಹೊರಟವರು ಬಿಚ್ಚಿದ ಕಾರ್ಟ್ರಿಡ್ಜನ್ನು ರೇಷ್ಮೆ ಸೀರೆಯ ಪಕ್ಕ ಇಡಬೇಡಿ!

ಒಣಗಲೇಬೇಕಾದ ಇಂಕು ಒಂದಿದೆ, ಅದು ನಮ್ಮ ಮೈಸೂರಿನದು! ಮತ ಹಾಕಿದಾಗ ಬೆರಳಿಗೆ ಹಚ್ಚುವ ಆ ಶಾಯಿಯನ್ನು ತಯಾರಿಸುವುದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಹುಟ್ಟಿದ ಕಾರ್ಖಾನೆ. 1962ರ ಮಹಾ ಚುನಾವಣೆಯಿಂದ ಇದೇ ಶಾಯಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದರೆ ಕಪ್ಪಾಗುತ್ತದೆ, ಹಾಗಾಗಿ ಅದು ಕತ್ತಲಲ್ಲಿ ಇರಬೇಕಾದ ಶಾಯಿ. ಪ್ರಿಂಟರ್ ಇಂಕಿಗೆ ಗಾಳಿ ಆಗದು, ಇದಕ್ಕೆ ಬೆಳಕು ಆಗದು!

ಬಾಟಲಿಯಿಂದ ಇಂಕು ಸುರಿಯುವ ಟ್ಯಾಂಕ್ ಪ್ರಿಂಟರ್ ಈಗ ಎಲ್ಲ ಅಂಗಡಿಯಲ್ಲೂ ಇದೆ. ಎಪ್ಸನ್ ಅದನ್ನು ಮೊದಲು ಮಾರಿದ್ದು ಅಮೆರಿಕದಲ್ಲೂ ಅಲ್ಲ, ಜಪಾನಿನಲ್ಲೂ ಅಲ್ಲ. 2010ರಲ್ಲಿ ಇಂಡೋನೇಷ್ಯಾದಲ್ಲಿ! ಉಳಿದ ಇಂಕಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ಸಿಗದಿರಲಿ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಲೇಸರ್ ಪ್ರಿಂಟರ್ ಇದೆ. ಅದರ ಟೋನರ್ ಒಣಗುವುದೇ ಇಲ್ಲ, ಒಣಗಲು ಅದರಲ್ಲಿ ದ್ರವವೇ ಇಲ್ಲವಲ್ಲ! ಅದು ನುಣ್ಣನೆಯ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಹಾಳೆಗೆ ಅಂಟುತ್ತದೆ. ಆದರೆ ಅನೇಕ ಟೋನರ್ ಕಾರ್ಟ್ರಿಡ್ಜ್‌ಗಳಲ್ಲಿ ಹಸಿರೋ ನೀಲಿಯೋ ಹೊಳೆಯುವ ಉರುಳೆಯೊಂದು ಇರುತ್ತದೆ, ಅದರ ಹೆಸರು ಡ್ರಮ್. ಬೆಳಕಿಗೆ ಸ್ಪಂದಿಸುವುದೇ ಅದರ ಕೆಲಸ. ಹೊರಗೆ ತೆಗೆದು ಕಿಟಕಿ ಬೆಳಕಿನಲ್ಲಿ ಕೆಲವು ನಿಮಿಷ ಹಾಗೇ ಬಿಟ್ಟರೆ ಅದು ಕೆಡಬಹುದು. ಟೋನರ್ ಜೊತೆ ಬರುವ ಆ ಕಪ್ಪು ಚೀಲವನ್ನು ಕಸಕ್ಕೆ ಹಾಕಿಬಿಟ್ಟಿರಾ? ಅದು ಇದ್ದದ್ದೇ ಇದಕ್ಕೆ!